ಮೈಕ್ರೋಕಂಟ್ರೋಲರ್ ಲ್ಯಾಬ್: ಮ್ಯಾನುಯಲ್ ಕೋಡ್ ಇಳಿಸಿಕೊಳ್ಳೋದು ಬಿಟ್ಟು, ಸಮಸ್ಯೆ ಕೊಟ್ಟು ಕಲಿಸೋದು ಹೇಗೆ?

ಪ್ರಶ್ನೆ: ಲ್ಯಾಬ್‌ಬೆಂಚ್

ಎಲ್ಲರಿಗೂ ನಮಸ್ಕಾರ. ಎಂಜಿನಿಯರಿಂಗ್ ಎರಡನೇ ವರ್ಷದ ಮೈಕ್ರೋಕಂಟ್ರೋಲರ್ ಲ್ಯಾಬ್ ಬಗ್ಗೆ ಸಲಹೆ ಬೇಕು. ಒಂದು ಬ್ಯಾಚಿಗೆ 20 ಜನ, ವಾರಕ್ಕೊಮ್ಮೆ 2 ಗಂಟೆ, ಒಟ್ಟು 12 ವಾರ. ಈಗಿನ ಕ್ರಮ ಎಲ್ಲರಿಗೂ ಗೊತ್ತಿರುವುದೇ: ಎಲ್‌ಇಡಿ ಮಿನುಗಿಸು, ಸೆವೆನ್ ಸೆಗ್ಮೆಂಟ್, ಎಲ್‌ಸಿಡಿ, ಎಡಿಸಿ (ವೋಲ್ಟೇಜನ್ನು ಸಂಖ್ಯೆಯಾಗಿಸುವ ಭಾಗ), ಸ್ಟೆಪ್ಪರ್ ಮೋಟರ್. ಮ್ಯಾನುಯಲ್‌ನಲ್ಲಿರುವ ಕೋಡ್ ಟೈಪ್ ಮಾಡು, ಔಟ್‌ಪುಟ್ ತೋರಿಸು, ಸಹಿ ಹಾಕಿಸಿಕೋ.

ಔಟ್‌ಪುಟ್ ಏನೋ ಬರುತ್ತದೆ. ಆದರೆ ಒಂದು ವೈರ್ ಸಡಿಲವಾದರೂ ವಿದ್ಯಾರ್ಥಿಗಳು ಕೋಡನ್ನೇ ತಿದ್ದುತ್ತಾ ಕೂರುತ್ತಾರೆ, ಮಲ್ಟಿಮೀಟರ್ ಕೈಗೆತ್ತಿಕೊಳ್ಳುವುದೇ ಇಲ್ಲ. ಪ್ರಯೋಗ ಆರಕ್ಕೂ ಏಳಕ್ಕೂ ಏನು ಸಂಬಂಧ ಅಂತ ಕೇಳಿದರೆ ಉತ್ತರ ಇಲ್ಲ.

ನನ್ನ ಪ್ರಶ್ನೆಗಳು: ಎಂಥ ಸಮಸ್ಯೆಗಳನ್ನು, ಯಾವ ಕ್ರಮದಲ್ಲಿ ಕೊಡಬೇಕು? ಬೋರ್ಡ್ ಯಾವುದು? ಪಠ್ಯದಲ್ಲಿ 8051 ಚಿಪ್ ಇದೆ, ವಿದ್ಯಾರ್ಥಿಗಳ ಕೈಯಲ್ಲಿ ಆರ್ಡುಯಿನೋ ಊನೋ ಬೋರ್ಡ್ ಇದೆ. ಅಂಕ ಹೇಗೆ ಕೊಡುವುದು? ಇನ್ನೊಂದು ಸಣ್ಣ ತಾಂತ್ರಿಕ ತೊಂದರೆಯೂ ಇದೆ: ರಿಲೇ (ಕಾಯಿಲ್‌ನಿಂದ ಚಲಿಸುವ ಸ್ವಿಚ್) ಆಫ್ ಆದ ಕೂಡಲೇ ಕೆಲವು ಕಿಟ್‌ಗಳಲ್ಲಿ ಎಲ್‌ಸಿಡಿ ಮೇಲೆ ಚಿತ್ರವಿಚಿತ್ರ ಅಕ್ಷರ ಬರುತ್ತವೆ, ಕೆಲವು ರೀಸೆಟ್ ಆಗುತ್ತವೆ.


ಉತ್ತರ 1: ಪುಲ್‌ಅಪ್

ಮೊದಲು ಒಂದು ವಿಷಯ ಸ್ಪಷ್ಟವಾಗಿರಲಿ. "ಸಮಸ್ಯೆ ಕೊಟ್ಟು ಕಲಿಸೋದು" ಅಂದರೆ ಪ್ರಯೋಗದ ಹೆಸರು ಬದಲಿಸಿ "ಮಿನಿ ಪ್ರಾಜೆಕ್ಟ್" ಅನ್ನುವುದಲ್ಲ. ಒಳ್ಳೆಯ ಸಮಸ್ಯೆಗೆ ಒಂದೇ ಲಕ್ಷಣ: ವಿದ್ಯಾರ್ಥಿಗೆ ತಟ್ಟನೆ ಹೊಳೆಯುವ ಕೋಡ್ ಕಂಪೈಲ್ ಆಗಬೇಕು, ಓಡಬೇಕು, ಆದರೆ ತಪ್ಪು ಉತ್ತರ ಕೊಡಬೇಕು. ಆ ತಪ್ಪು ಎಲ್ಲಿಂದ ಬಂತು ಅನ್ನುವುದು ಅಳತೆ ಮಾಡದ ಹೊರತು ಗೊತ್ತಾಗಬಾರದು. ಹಾಗಿದ್ದರೆ ಮಾತ್ರ ಥಿಯರಿಗೆ ಕೆಲಸ ಸಿಗುತ್ತದೆ.

ಒಂದೇ ಒಂದು ಉದಾಹರಣೆ ಪೂರ್ತಿ ಬಿಡಿಸಿ ಹೇಳುತ್ತೇನೆ. ಮೊದಲ ಎರಡು ವಾರಕ್ಕೆ ಇದೊಂದೇ ಸಾಕು.

ಸಮಸ್ಯೆ: ಒಂದು ಪುಶ್‌ಬಟನ್ ಎಷ್ಟು ಸಲ ಒತ್ತಿದೆ ಅಂತ ಎಣಿಸಿ ಸೀರಿಯಲ್ ಮಾನಿಟರ್‌ನಲ್ಲಿ ತೋರಿಸಿ. 50 ಸಲ ಒತ್ತಿದರೆ ಸರಿಯಾಗಿ 50 ಬರಬೇಕು. ನಿಧಾನವಾಗಿ ಒತ್ತಿದರೂ, ಬೆರಳು ಎಷ್ಟು ಬೇಗ ಆಡುತ್ತದೋ ಅಷ್ಟು ಬೇಗ ಒತ್ತಿದರೂ.

ಸಾಮಾನು: ಊನೋ ಬೋರ್ಡ್, ಬ್ರೆಡ್‌ಬೋರ್ಡ್, ಬೇರೆ ಬೇರೆ ತಯಾರಿಕೆಯ 2 ಟ್ಯಾಕ್ಟೈಲ್ ಸ್ವಿಚ್, 10 ಕಿಲೋ ಓಮ್ ರೆಸಿಸ್ಟರ್ 2, 100 ನ್ಯಾನೋಫ್ಯಾರಡ್ ಕೆಪಾಸಿಟರ್ 2, 1 ಮೈಕ್ರೋಫ್ಯಾರಡ್ ಕೆಪಾಸಿಟರ್ 1. ಇಬ್ಬರಿಗೆ ಒಂದು ಕಿಟ್. ಮೂವರನ್ನು ಕೂರಿಸಿದರೆ ಒಬ್ಬರು ನೋಡುತ್ತಾ ಕೂರುವುದು ಖಾತ್ರಿ. ನಿಮ್ಮ ಬ್ಯಾಚಿಗೆ 10 ಕಿಟ್ ಬೇಕು, ಮೇಲೆ 2 ಹೆಚ್ಚುವರಿ ಇಟ್ಟುಕೊಳ್ಳಿ.

ಮೊದಲ ತಪ್ಪು ಹತ್ತು ನಿಮಿಷದೊಳಗೆ ಬರುತ್ತದೆ: ರೆಸಿಸ್ಟರ್ ಹಾಕದೆ ಪಿನ್ನನ್ನು ತೇಲಾಡಲು ಬಿಟ್ಟಿರುತ್ತಾರೆ. ಬಟನ್ ಮುಟ್ಟದಿದ್ದರೂ ಎಣಿಕೆ ಏರುತ್ತದೆ, ಕೈ ಹತ್ತಿರ ತಂದರೆ ಇನ್ನೂ ಬೇಗ ಏರುತ್ತದೆ. ಉತ್ತರ ಹೇಳಿಬಿಡಬೇಡಿ. ಬಟನ್ ಬಿಟ್ಟಾಗ ಪಿನ್ನಿನಲ್ಲಿ ಎಷ್ಟು ವೋಲ್ಟ್ ಇರಬೇಕಿತ್ತು ಅಂತ ಮಾತ್ರ ಕೇಳಿ. ಚಿಪ್ಪಿನೊಳಗಿನ ಪುಲ್‌ಅಪ್ (ಪಿನ್ನನ್ನು 5 ವೋಲ್ಟಿನ ಕಡೆಗೆ ಎಳೆದು ಹಿಡಿಯುವ ರೆಸಿಸ್ಟರ್) 20ರಿಂದ 50 ಕಿಲೋ ಓಮ್ ಅನ್ನುವುದನ್ನು ಡೇಟಾಶೀಟಿನಲ್ಲಿ ಅವರೇ ಹುಡುಕಲಿ. ಇಡೀ ಡೇಟಾಶೀಟ್ ಓದಿ ಅಂದರೆ ಯಾರೂ ಓದುವುದಿಲ್ಲ, ಒಂದು ಸಂಖ್ಯೆ ಹುಡುಕಿ ಅಂದರೆ ಓದುತ್ತಾರೆ.

ಎರಡನೆಯದು ಬೌನ್ಸ್, ಅಂದರೆ ಸ್ವಿಚ್ಚಿನ ಲೋಹ ಕುಣಿದು ಕ್ಷಣಕಾಲ ಹಲವು ಸಲ ಕೂಡಿ ಬಿಡುವುದು. ಒಮ್ಮೆ ಒತ್ತಿದರೆ ಎಣಿಕೆ 3 ಅಥವಾ 4 ಏರುತ್ತದೆ. ಹೆಚ್ಚಿನವರು ಕೋಡಿಗೆ 200 ಮಿಲಿಸೆಕೆಂಡ್ ಡಿಲೇ ತುರುಕುತ್ತಾರೆ. ನಿಧಾನಕ್ಕೆ ಒತ್ತಿದರೆ ಸರಿ, ಬೇಗ ಒತ್ತಿದರೆ 50ರ ಬದಲು 40ರ ಆಸುಪಾಸಿಗೆ ನಿಲ್ಲುತ್ತದೆ. ಸಮಸ್ಯೆಯಲ್ಲಿ "ಬೇಗ ಒತ್ತಿದರೂ" ಅನ್ನುವ ಮಾತು ಸೇರಿಸಿದ್ದೇ ಇದಕ್ಕೆ.

ಇಲ್ಲಿ ನಿಲ್ಲಿಸಿ ಅಳತೆ ಮಾಡಿಸಿ. 24 ಮೆಗಾಹರ್ಟ್ಸ್, 8 ಚಾನೆಲ್‌ನ ಚಿಕ್ಕ ಯುಎಸ್‌ಬಿ ಲಾಜಿಕ್ ಅನಲೈಸರ್ ಮತ್ತು ಪಲ್ಸ್‌ವ್ಯೂ ತಂತ್ರಾಂಶ ಇದ್ದರೆ ಸಾಕು, 1 ಮೆಗಾಹರ್ಟ್ಸ್ ಸ್ಯಾಂಪ್ಲಿಂಗ್ ಧಾರಾಳ. ಅದೂ ಇಲ್ಲದಿದ್ದರೆ ಚಿಪ್ಪನ್ನೇ ಅಳತೆಯ ಸಾಧನ ಮಾಡಿ: ಟೈಮರ್ 1ರ ಇನ್‌ಪುಟ್ ಕ್ಯಾಪ್ಚರ್ (ಸಿಗ್ನಲ್ ಏರುವ ಅಥವಾ ಇಳಿಯುವ ಅಂಚಿನ ಸಮಯ ಹಿಡಿದಿಡುವ ಸೌಲಭ್ಯ, ಊನೋದಲ್ಲಿ 8ನೇ ಪಿನ್), ಪ್ರೀಸ್ಕೇಲರ್ (ಕ್ಲಾಕನ್ನು ಭಾಗಿಸುವ ಸಂಖ್ಯೆ) 64, ಅಂದರೆ ಒಂದು ಎಣಿಕೆಗೆ 4 ಮೈಕ್ರೋಸೆಕೆಂಡ್. ಪ್ರತಿ ಅಂಚಿನ ಸಮಯವನ್ನು 32 ಜಾಗದ ಅರೇಯಲ್ಲಿ ತುಂಬಿ, ತುಂಬಿದ ಮೇಲೆ ಸೀರಿಯಲ್‌ಗೆ ಕಳಿಸಿ. ಪ್ರತಿ ಕ್ಯಾಪ್ಚರ್ ಆದ ಮೇಲೆ ಅಂಚಿನ ದಿಕ್ಕು ತಿರುಗಿಸಬೇಕು, ತಿರುಗಿಸಿದಾಗ ಫ್ಲ್ಯಾಗ್ ಅಳಿಸಬೇಕು. ಇದನ್ನು ಮರೆತರೆ ಒಂದೇ ಬಗೆಯ ಅಂಚು ಮಾತ್ರ ಸಿಗುತ್ತದೆ.

ಪ್ರತಿ ಜೋಡಿ ಎರಡೂ ಸ್ವಿಚ್‌ಗಳನ್ನು 20 ಸಲ ಒತ್ತಿ, ಅತಿ ಉದ್ದದ ಬೌನ್ಸ್ ಎಷ್ಟು ಅಂತ ಬರೆದುಕೊಳ್ಳಲಿ. ಸ್ವಿಚ್ಚಿನಿಂದ ಸ್ವಿಚ್ಚಿಗೆ ಕೆಲವು ನೂರು ಮೈಕ್ರೋಸೆಕೆಂಡಿನಿಂದ ಹತ್ತು ಮಿಲಿಸೆಕೆಂಡ್ ದಾಟುವವರೆಗೆ ವ್ಯತ್ಯಾಸ ಕಾಣುತ್ತದೆ. ಬಟನ್ ಬಿಡುವಾಗಲೂ ಬೌನ್ಸ್ ಇದೆ ಅನ್ನುವುದು ಆಗಲೇ ಕಣ್ಣಿಗೆ ಬೀಳುವುದು. "ಒತ್ತಿದಾಗ ಸರಿ, ಬಿಟ್ಟಾಗ ಒಂದು ಏರುತ್ತೆ" ಅನ್ನುವ ದೂರಿಗೆ ಕಾರಣ ಅದೇ.

ಆಮೇಲೆ ಪರಿಹಾರ. ಟೈಮರಿನಿಂದ ಪ್ರತಿ 5 ಮಿಲಿಸೆಕೆಂಡಿಗೆ ಒಮ್ಮೆ ಪಿನ್ ಓದಿ, ಸತತ 5 ಸಲ ಒಂದೇ ಬೆಲೆ ಬಂದರೆ ಮಾತ್ರ ಒಪ್ಪಿಕೊಳ್ಳುವುದು. ಒಟ್ಟು 20 ಮಿಲಿಸೆಕೆಂಡ್. ಈ 20 ಅನ್ನುವ ಸಂಖ್ಯೆ ಪುಸ್ತಕದಿಂದ ಬಂದದ್ದಲ್ಲ, ಅವರೇ ಅಳೆದ ಅತಿ ಉದ್ದದ ಬೌನ್ಸಿಗಿಂತ ಹೆಚ್ಚು ಅನ್ನುವುದಕ್ಕೆ ಇಟ್ಟದ್ದು. ನೋಟ್‌ಬುಕ್ಕಿನಲ್ಲಿ ಆ ಕಾರಣ ಬರೆದಿದ್ದರೆ ಮಾತ್ರ ಅಂಕ ಕೊಡಿ.

ಕೆಪಾಸಿಟರ್ ಹಾಕಿ ಬಗೆಹರಿಸುತ್ತೇವೆ ಅನ್ನುವ ಜೋಡಿಗೂ ಅವಕಾಶ ಕೊಡಿ. 10 ಕಿಲೋ ಓಮ್ ಮತ್ತು 100 ನ್ಯಾನೋಫ್ಯಾರಡ್ ಸೇರಿದರೆ 1 ಮಿಲಿಸೆಕೆಂಡ್. ಸ್ವಿಚ್ ಮುಚ್ಚಿದಾಗ ಕೆಪಾಸಿಟರ್ ಕ್ಷಣದಲ್ಲಿ ಖಾಲಿ, ತೆರೆದಾಗ 1 ಮಿಲಿಸೆಕೆಂಡಿನ ಲೆಕ್ಕದಲ್ಲಿ ತುಂಬುತ್ತದೆ. ಚಿಕ್ಕ ಬೌನ್ಸ್ ಮುಚ್ಚಿಹೋಗುತ್ತದೆ, ಉದ್ದದ್ದು ದಾಟಿ ಬರುತ್ತದೆ. 1 ಮೈಕ್ರೋಫ್ಯಾರಡ್ ಹಾಕಿದಾಗ ಏನಾಯಿತು ಅಂತ ಅವರೇ ಹೇಳಲಿ.

ನೋಡಿ, ಈ ಒಂದು ಬಟನ್ನಿನಲ್ಲಿ ಪುಲ್‌ಅಪ್, ಟೈಮರ್, ಇಂಟರಪ್ಟ್, ಡೇಟಾಶೀಟ್, ಆರ್‌ಸಿ ಲೆಕ್ಕ ಎಲ್ಲ ಬಂದುಹೋಯಿತು. ಬೇರೆ ಬೇರೆಯಾಗಿ ಕಲಿಸಿದರೆ ಇವು ಐದು ಪ್ರಯೋಗ.


ಉತ್ತರ 2: ರಿಜಿಸ್ಟರ್‌ಓದುಗ

ಪುಲ್‌ಅಪ್ ಅವರು ಹೇಳಿದ ಕ್ರಮ ಸರಿ. ಮುಂದಿನ ವಾರಗಳಿಗೆ ಎರಡು ಸಮಸ್ಯೆ ಸೇರಿಸುತ್ತೇನೆ. ಇವೆರಡರಲ್ಲೂ ಕೋಡ್ ನೋಡಿದರೆ ತಪ್ಪೇ ಕಾಣುವುದಿಲ್ಲ, ಅದಕ್ಕೇ ಬೆಲೆಬಾಳುತ್ತವೆ.

ಒಂದು, ತಾಪಮಾನ. ಎಲ್‌ಎಂ35 ಸೆನ್ಸರ್ ಓದಿ, 32 ಡಿಗ್ರಿ ದಾಟಿದರೆ 12 ವೋಲ್ಟಿನ ಫ್ಯಾನ್ ಹಾಕಿ, ತಣ್ಣಗಾದರೆ ಆರಿಸಿ. ಸೆನ್ಸರ್ ಪ್ರತಿ ಡಿಗ್ರಿಗೆ 10 ಮಿಲಿವೋಲ್ಟ್ ಕೊಡುತ್ತದೆ. ಊನೋದ ಎಡಿಸಿ 10 ಬಿಟ್ಟಿನದು, 5 ವೋಲ್ಟ್ ರೆಫರೆನ್ಸಿಗೆ (ಎಡಿಸಿ ಹೋಲಿಸಿ ನೋಡುವ ವೋಲ್ಟೇಜ್) ಒಂದು ಮೆಟ್ಟಿಲು 4.88 ಮಿಲಿವೋಲ್ಟ್, ಅಂದರೆ ಸುಮಾರು ಅರ್ಧ ಡಿಗ್ರಿ.

ವಿದ್ಯಾರ್ಥಿ ಬರೆಯುವ ಸಾಲು ಇದು: ಎಡಿಸಿ ಬೆಲೆಯನ್ನು 5000ದಿಂದ ಗುಣಿಸು, 1024ರಿಂದ ಭಾಗಿಸು, ಮಿಲಿವೋಲ್ಟ್ ಬಂತು. ಗಣಿತ ಸರಿ. ಆದರೆ ಎಡಿಸಿ 64 ಬಂದಾಗ ಪರದೆ ಮೇಲೆ 312 ಬರುವ ಬದಲು ಮೈನಸ್ 7 ಬರುತ್ತದೆ. ಯಾಕೆ? ಊನೋದ ಎವಿಆರ್ ಚಿಪ್ಪಿನ ಕಂಪೈಲರಿನಲ್ಲಿ ಇಂಟ್ (ಪೂರ್ಣಾಂಕ) ಅಂದರೆ 16 ಬಿಟ್, ಹಿಡಿಸುವುದು 32767ರವರೆಗೆ ಮಾತ್ರ. 64ನ್ನು 5000ದಿಂದ ಗುಣಿಸಿದರೆ 3,20,000. ಅದು ಸುತ್ತಿಕೊಂಡು ಮೈನಸ್ 7680 ಆಗುತ್ತದೆ, 1024ರಿಂದ ಭಾಗಿಸಿದರೆ ಮೈನಸ್ 7. ಎಡಿಸಿ ಬೆಲೆ 6 ಇರುವವರೆಗೂ ಉತ್ತರ ಸರಿ, 7ಕ್ಕೆ ಕೆಡುತ್ತದೆ. ಇದೇ ಸಾಲನ್ನು ಪಿಸಿಯಲ್ಲೋ 32 ಬಿಟ್ ಚಿಪ್ಪಿನಲ್ಲೋ ಓಡಿಸಿದರೆ ಸರಿಯಾಗಿಯೇ ಬರುತ್ತದೆ. ಸುತ್ತಿಕೊಳ್ಳುವ ಲೆಕ್ಕವನ್ನು ಕಾಗದದ ಮೇಲೆ ಮಾಡಿಸಿ. ಒಮ್ಮೆ ಮಾಡಿದವರು ಡೇಟಾ ಟೈಪ್ ಮತ್ತೆ ಮರೆಯುವುದಿಲ್ಲ.

ಅದು ಸರಿಹೋದ ಮೇಲೆ ಇನ್ನೊಂದು: ಥರ್ಮಾಮೀಟರ್ 30 ತೋರಿಸುವಾಗ ಬೋರ್ಡ್ 31 ದಾಟಿ ತೋರಿಸುತ್ತದೆ. ಕೋಡ್ 5.00 ವೋಲ್ಟ್ ಅಂದುಕೊಂಡಿದೆ, ಯುಎಸ್‌ಬಿಯಿಂದ ಬರುತ್ತಿರುವುದು 4.75 ಇರಬಹುದು. ಮಲ್ಟಿಮೀಟರ್ ಇಟ್ಟು ನೋಡಿದರೆ ಒಂದೇ ನಿಮಿಷದ ಕೆಲಸ. ಪರಿಹಾರಕ್ಕೆ ಒಳಗಿನ 1.1 ವೋಲ್ಟ್ ರೆಫರೆನ್ಸಿಗೆ ಬದಲಾಯಿಸಲಿ. ಮೆಟ್ಟಿಲು 1.07 ಮಿಲಿವೋಲ್ಟಿಗೆ ಇಳಿಯುತ್ತದೆ, ಸುಮಾರು 0.1 ಡಿಗ್ರಿ. ಆದರೆ ಆ 1.1 ಕೂಡ ಚಿಪ್ಪಿನಿಂದ ಚಿಪ್ಪಿಗೆ 1.0ರಿಂದ 1.2ರವರೆಗೆ ಬೇರೆ ಬೇರೆ, ಹಾಗಾಗಿ ಎರೆಫ್ (ಎಡಿಸಿ ರೆಫರೆನ್ಸ್) ಪಿನ್ನಿನಲ್ಲಿ ಅಳೆದು ಆ ಬೆಲೆಯನ್ನೇ ಕೋಡಿಗೆ ಹಾಕಬೇಕು. ರೆಫರೆನ್ಸ್ ಬದಲಿಸಿದ ನಂತರದ ಮೊದಲ ಕೆಲವು ಓದುಗಳನ್ನು ಬಿಟ್ಟುಬಿಡಿ. ಎರೆಫ್ ಪಿನ್ನಿಗೆ ಹೊರಗಿನಿಂದ 5 ವೋಲ್ಟ್ ಕೊಟ್ಟಿರುವಾಗ ಒಳಗಿನ ರೆಫರೆನ್ಸ್ ಆರಿಸಿದರೆ ಚಿಪ್ ಹಾಳಾಗಬಹುದು, ಇದನ್ನು ಮಾತ್ರ ಮೊದಲೇ ಹೇಳಿಬಿಡಿ.

ಸೆನ್ಸರಿಗೆ ಉದ್ದ ವೈರ್ ಹಾಕಿದಾಗ ಓದು ಕುಣಿದಾಡಿದರೆ ಅದು ಬರೀ ನಾಯ್ಸ್ ಅಂತ ತಳ್ಳಿಹಾಕಬೇಡಿ. ಎಲ್‌ಎಂ35ರ ಔಟ್‌ಪುಟ್ 50 ಪಿಕೋಫ್ಯಾರಡ್‌ಗಿಂತ ಹೆಚ್ಚಿನ ಕೆಪಾಸಿಟನ್ಸನ್ನು ನೇರವಾಗಿ ತಡೆದುಕೊಳ್ಳುವುದಿಲ್ಲ, ಉದ್ದ ಕೇಬಲ್ ಹಾಕಿದರೆ ಆಸಿಲೇಟ್ ಆಗುತ್ತದೆ. ಸೆನ್ಸರಿನ ಹತ್ತಿರವೇ ಸಾಲಿನಲ್ಲಿ 2 ಕಿಲೋ ಓಮ್ ಹಾಕಿದರೆ ನಿಲ್ಲುತ್ತದೆ.

ಫ್ಯಾನ್ 32ರ ಗಡಿಯಲ್ಲಿ ಟಕಟಕ ಅಂತ ಹತ್ತಿ ಆರಿ ಮಾಡತೊಡಗಿದಾಗ ಹಿಸ್ಟರಿಸಿಸ್ ಕಲಿಸುವ ಹೊತ್ತು ಬಂತು: 32ಕ್ಕೆ ಹಾಕು, 30ಕ್ಕೆ ಆರಿಸು.

ಇನ್ನೊಂದು ಸಮಸ್ಯೆ, ಚಕ್ರದ ಪಲ್ಸ್ ಎಣಿಕೆ. ಇಂಟರಪ್ಟ್ (ಪಲ್ಸ್ ಬಂದಾಗ ಮುಖ್ಯ ಕೆಲಸ ನಿಲ್ಲಿಸಿ ಓಡುವ ಕೋಡ್) ಒಳಗೆ 16 ಬಿಟ್ಟಿನ ಕೌಂಟರ್ ಏರುತ್ತದೆ, ಮುಖ್ಯ ಲೂಪ್ ಅದನ್ನು ಓದುತ್ತದೆ. ವೋಲಟೈಲ್ (ಪ್ರತಿ ಸಲ ಮೆಮೊರಿಯಿಂದಲೇ ಓದು ಅಂತ ಕಂಪೈಲರಿಗೆ ಹೇಳುವ ಪದ) ಬರೆಯುವುದನ್ನು ಮರೆತರೆ ಲೂಪ್ ಹಳೆಯ ಬೆಲೆಯನ್ನೇ ಹಿಡಿದು ಕೂರಬಹುದು, ಅದು ಬೇಗ ಸಿಕ್ಕಿಬೀಳುತ್ತದೆ. ಸಿಗದೇ ಇರುವುದು ಇದು: 255 ಆದ ಮೇಲೆ ಯಾವಾಗಲೋ ಒಮ್ಮೆ 511 ತೋರಿಸುತ್ತದೆ, ಮರುಕ್ಷಣ ಸರಿಯಾಗುತ್ತದೆ. 8 ಬಿಟ್ಟಿನ ಚಿಪ್ 16 ಬಿಟ್ಟನ್ನು ಎರಡು ಸಲಕ್ಕೆ ಓದುತ್ತದೆ. ಕೆಳಗಿನ ಬೈಟ್ 255 ಅಂತ ಓದಿ ಆಯಿತು, ಅಷ್ಟರಲ್ಲಿ ಇಂಟರಪ್ಟ್ ಬಂದು ಕೌಂಟರ್ 256 ಆಯಿತು, ಈಗ ಮೇಲಿನ ಬೈಟ್ 1. ಎರಡೂ ಸೇರಿ 511. ಇಂಟರಪ್ಟ್ ನಿಲ್ಲಿಸಿ ಬೆಲೆಯನ್ನು ಇನ್ನೊಂದು ವೇರಿಯಬಲ್ಲಿಗೆ ನಕಲು ಮಾಡಿ ಮತ್ತೆ ಚಾಲೂ ಮಾಡಿದರೆ ಮುಗಿಯಿತು.

ಕೈಯಲ್ಲಿ ಚಕ್ರ ತಿರುಗಿಸಿದರೆ ಈ ತಪ್ಪು ಇಡೀ ದಿನ ಕಾದರೂ ಕಾಣದು. ಸಿಗ್ನಲ್ ಜನರೇಟರಿನಿಂದ 0ರಿಂದ 5 ವೋಲ್ಟಿನ 10 ಕಿಲೋಹರ್ಟ್ಸ್ ಚೌಕ ಅಲೆ ಕೊಡಿ, ಬಿಗಿಯಾದ ಲೂಪಿನಲ್ಲಿ ಹಿಂದಿನ ಬೆಲೆಗೂ ಈಗಿನದಕ್ಕೂ ಹೋಲಿಸಿ, ವ್ಯತ್ಯಾಸ 100 ಮೀರಿದರೆ ಎಲ್‌ಇಡಿ ಹತ್ತಿಸಿ. ಕೆಲವೇ ಕ್ಷಣದಲ್ಲಿ ಹತ್ತುತ್ತದೆ. 65535ರಿಂದ 0ಗೆ ಸುತ್ತುವಾಗಲೂ ಹತ್ತಬಾರದು ಅಂದರೆ ವ್ಯತ್ಯಾಸವನ್ನು ಅನ್‌ಸೈನ್ಡ್ 16 ಬಿಟ್ಟಿನಲ್ಲೇ ಲೆಕ್ಕ ಹಾಕಬೇಕು. ಇದನ್ನು ಹೇಳದೆ ಬಿಟ್ಟರೆ ಇನ್ನೂ ಒಳ್ಳೆಯದು.

ಸಿಮ್ಯುಲೇಟರ್ ಬಗ್ಗೆ ಒಂದು ಮಾತು. ಪ್ರೋಟಿಯಸ್, ವೋಕ್ವಿ ಇವುಗಳಲ್ಲಿ ಕೋಡಿನ ತರ್ಕ ನೋಡಿಕೊಂಡು ಬರಲಿ, ಲ್ಯಾಬಿನ ಸಮಯ ಉಳಿಯುತ್ತದೆ. ಆದರೆ ಸಪ್ಲೈ 4.75ಕ್ಕೆ ಇಳಿಯುವುದು, ಸಡಿಲ ವೈರ್, ಸೆನ್ಸರ್ ಆಸಿಲೇಶನ್ ಅಲ್ಲಿ ತಾನಾಗಿ ಬರುವುದಿಲ್ಲ. ಲ್ಯಾಬಿನ 2 ಗಂಟೆ ಇರುವುದು ಅವುಗಳಿಗೆ.


ಉತ್ತರ 3: ಹನ್ನೊಂದುಬಿಂದು0592

8051 ಬಿಟ್ಟುಬಿಡಬೇಡಿ, ಆದರೆ ಎಲ್ಲಕ್ಕೂ ಅದನ್ನೇ ಹಿಡಿಯಲೂಬೇಡಿ. ಮೊದಲ 6 ವಾರ ಊನೋ, ಮಧ್ಯೆ 3 ವಾರ 8051, ಕೊನೆಯ 3 ವಾರ ವಿದ್ಯಾರ್ಥಿಯೇ ಆರಿಸಿದ ಚಿಪ್. ಊನೋದಲ್ಲೂ ಲೈಬ್ರರಿ ಮೊದಲ 2 ವಾರಕ್ಕೆ ಮಾತ್ರ ಇರಲಿ, ಮೂರನೇ ವಾರದಿಂದ ರಿಜಿಸ್ಟರ್ (ಹಾರ್ಡ್‌ವೇರನ್ನು ನೇರ ನಿಯಂತ್ರಿಸುವ ಚಿಪ್ಪಿನೊಳಗಿನ ಜಾಗ). ಕಾರಣವನ್ನೂ ಅಳತೆಯಿಂದಲೇ ತೋರಿಸಿ: ಪಿನ್ನನ್ನು ಲೈಬ್ರರಿ ಫಂಕ್ಷನ್ನಿನಿಂದ ಮೇಲೆ ಕೆಳಗೆ ಮಾಡಿದರೆ ಒಂದೊಂದು ಕರೆಗೆ ಹಲವು ಮೈಕ್ರೋಸೆಕೆಂಡ್ ಹಿಡಿಯುತ್ತದೆ, ಪೋರ್ಟ್ ರಿಜಿಸ್ಟರಿನ ಬಿಟ್ಟನ್ನು ನೇರ ಬರೆದರೆ 2 ಕ್ಲಾಕ್, 16 ಮೆಗಾಹರ್ಟ್ಸ್‌ನಲ್ಲಿ 125 ನ್ಯಾನೋಸೆಕೆಂಡ್. ಆಸಿಲೋಸ್ಕೋಪಿನಲ್ಲಿ ಎರಡೂ ಅಲೆ ಪಕ್ಕಪಕ್ಕ ಇಟ್ಟರೆ ಬೇರೆ ವಿವರಣೆ ಬೇಕಿಲ್ಲ.

8051ರಲ್ಲಿ ಎರಡು ಸಮಸ್ಯೆ ತುಂಬಾ ಚೆನ್ನಾಗಿ ಕೆಲಸ ಮಾಡುತ್ತವೆ.

ಸೀರಿಯಲ್. ಅರ್ಧ ಬ್ಯಾಚಿಗೆ 12 ಮೆಗಾಹರ್ಟ್ಸ್ ಕ್ರಿಸ್ಟಲ್, ಇನ್ನರ್ಧಕ್ಕೆ 11.0592. ಎಲ್ಲರಿಗೂ ಒಂದೇ ಕೆಲಸ, 9600 ಬಾಡ್‌ನಲ್ಲಿ (ಸೆಕೆಂಡಿಗೆ 9600 ಬಿಟ್) ಹೆಸರು ಕಳಿಸಿ. 12ರವರಿಗೆ ಕಸ ಬರುತ್ತದೆ, ಪಕ್ಕದವರಿಗೆ ಅದೇ ಕೋಡಿನಲ್ಲಿ ಸರಿ ಬರುತ್ತದೆ. ಲೆಕ್ಕ: ಕ್ರಿಸ್ಟಲನ್ನು 12ರಿಂದ, ಆಮೇಲೆ 32ರಿಂದ ಭಾಗಿಸಿ, ಟೈಮರ್ 1ರ ಎಣಿಕೆ 3ರಿಂದ ಭಾಗಿಸಿ. 11.0592ಕ್ಕೆ ಸರಿಯಾಗಿ 9600. 12ಕ್ಕೆ 10417, ಅಂದರೆ ಶೇ 8.5 ಹೆಚ್ಚು. ಒಂದು ಫ್ರೇಮಿಗೆ 10 ಬಿಟ್, ರಿಸೀವರ್ ಪ್ರತಿ ಬಿಟ್ಟಿನ ನಡುವೆ ನೋಡುತ್ತದೆ, ಸ್ಟಾಪ್ ಬಿಟ್ ತಲುಪುವ ಹೊತ್ತಿಗೆ ಅರ್ಧ ಬಿಟ್ ಜಾರಿದರೆ ಹೋಯಿತು. ಅಂದರೆ ಎರಡೂ ಕಡೆಯದು ಸೇರಿ ಶೇ 5ರ ಗಡಿ, ಒಂದೊಂದು ಕಡೆ ಶೇ 2ರ ಒಳಗೆ ಇಟ್ಟುಕೊಳ್ಳುವುದು ಕ್ಷೇಮ. ಆಮೇಲೆ ಮುಂದಿನ ಪ್ರಶ್ನೆ: ಕ್ರಿಸ್ಟಲ್ ಬದಲಿಸದೆ 12 ಮೆಗಾಹರ್ಟ್ಸ್‌ನಲ್ಲಿ ಯಾವ ಬಾಡ್ ಸಾಧ್ಯ? ಎಣಿಕೆ 13 ಇಟ್ಟರೆ 2404 ಬರುತ್ತದೆ, 2400ಕ್ಕೆ ಶೇ 0.16 ಮಾತ್ರ ತಪ್ಪು. ಬಾಡ್ ದುಪ್ಪಟ್ಟು ಮಾಡುವ ಎಸ್‌ಮಾಡ್ ಬಿಟ್ 1 ಮಾಡಿದರೆ ಅದೇ 13ಕ್ಕೆ 4808. ಬೋಧಕರು ಬಾಯಿಬಿಡದೆ ವಿದ್ಯಾರ್ಥಿಯೇ ಇಲ್ಲಿಗೆ ಬಂದರೆ ಟೈಮರ್ ಅಧ್ಯಾಯ ಮುಗಿದಂತೆ.

ಎರಡನೆಯದು ಎಲ್‌ಇಡಿ ಸಾಲು. ಆರ್ಡುಯಿನೋ ಅಭ್ಯಾಸದಂತೆ ಪಿನ್ನಿನಿಂದ ಎಲ್‌ಇಡಿಗೆ, ಅಲ್ಲಿಂದ ಗ್ರೌಂಡಿಗೆ ಹಾಕುತ್ತಾರೆ, ಸರಿಯಾದ ಬೆಳಕೇ ಬರುವುದಿಲ್ಲ. 8051ರ ಪಿನ್ ಮೇಲೆ ಎಳೆಯುವುದು ಮೈಕ್ರೋಆಂಪ್ ಲೆಕ್ಕದಲ್ಲಿ, ಕೆಳಗೆ ಎಳೆಯುವುದು ಮಿಲಿಆಂಪ್ ಲೆಕ್ಕದಲ್ಲಿ. 5 ವೋಲ್ಟಿನಿಂದ ರೆಸಿಸ್ಟರ್, ಎಲ್‌ಇಡಿ, ಆಮೇಲೆ ಪಿನ್: ಹೀಗೆ ತಿರುಗಿಸಬೇಕು. ಪೋರ್ಟ್ 0ಕ್ಕಂತೂ ಒಳಗೆ ಪುಲ್‌ಅಪ್ಪೇ ಇಲ್ಲ. ತಿರುಗಿಸಿದ ಮೇಲೆ ರೆಸಿಸ್ಟರ್ ಲೆಕ್ಕ ಹಾಕಿಸಿ. 8051 ಬಗೆಯ ಎಟಿ89ಎಸ್52 ಚಿಪ್ಪಿನಲ್ಲಿ ಒಂದು ಪಿನ್ನಿಗೆ ಗರಿಷ್ಠ 10 ಮಿಲಿಆಂಪ್, ಆದರೆ ಪೋರ್ಟ್ 1ರ ಎಂಟೂ ಪಿನ್ ಸೇರಿ 15 ಮಾತ್ರ. 1 ಕಿಲೋ ಓಮ್ ಹಾಕಿ ಎಂಟನ್ನೂ ಹತ್ತಿಸಿದರೆ 24 ಆಗುತ್ತದೆ, ಮಿತಿ ದಾಟಿತು. 2.2 ಕಿಲೋ ಓಮ್ ಹಾಕಿದರೆ ಸುಮಾರು 11. ಒಂದೊಂದೇ ಪಿನ್ ನೋಡಿದರೆ ಎಲ್ಲವೂ ಸರಿ, ಕೂಡಿಸಿದರೆ ತಪ್ಪು. ಡೇಟಾಶೀಟಿನ ಅಡಿಟಿಪ್ಪಣಿ ಓದುವ ಅಭ್ಯಾಸ ಇಲ್ಲಿಂದ ಶುರುವಾಗಲಿ.


ಲ್ಯಾಬ್‌ಬೆಂಚ್

ಇಷ್ಟು ವಿವರವಾಗಿ ಬರೆದದ್ದಕ್ಕೆ ಎಲ್ಲರಿಗೂ ಧನ್ಯವಾದ. 511ರ ಸಮಸ್ಯೆ ಮತ್ತು ಎರಡು ಕ್ರಿಸ್ಟಲಿನದು ಖಂಡಿತ ಹಾಕಿಕೊಳ್ಳುತ್ತೇನೆ. ಇನ್ನೂ ಎರಡು ಗೊಂದಲ ಉಳಿದಿವೆ. ಮೊದಲ ಬ್ಯಾಚ್ ಬಗೆಹರಿಸಿದ್ದು ಎರಡನೇ ಬ್ಯಾಚಿಗೆ ಅದೇ ಸಂಜೆ ತಲುಪುತ್ತದೆ, ಕೋಡನ್ನು ಈಗ ಎಐ ಕೂಡ ಬರೆದುಕೊಡುತ್ತದೆ. ಹಾಗಿರುವಾಗ ಅಂಕ ಯಾವುದಕ್ಕೆ ಕೊಡುವುದು? ರಿಲೇ ಪ್ರಶ್ನೆಗೂ ಯಾರಾದರೂ ಉತ್ತರಿಸಿ.


ಉತ್ತರ 4: ಬೆಸುಗೆಕಡ್ಡಿ

ಕೋಡಿಗೆ ಅಂಕ ಕೊಡುವುದನ್ನು ನಿಲ್ಲಿಸಿಬಿಡಿ. ಕೋಡ್ ಎಲ್ಲಿಂದ ಬೇಕಾದರೂ ಬರಲಿ. ಅಂಕ ಕೊಡಬೇಕಾದದ್ದು ಈ ಮೂರಕ್ಕೆ: ಮೊದಲೇ ಊಹಿಸಿದ್ದು, ಅಳೆದದ್ದು, ಬದಲಾವಣೆ ಕೇಳಿದಾಗ ಮಾಡಿ ತೋರಿಸಿದ್ದು.

ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಹಾಕಿಸಿ. ಏನು ಬರಬೇಕಿತ್ತು, ಏನು ಬಂತು, ಮುಂದೆ ಏನನ್ನು ಅಳೆಯುತ್ತೇನೆ, ಆ ಅಳತೆಯಿಂದ ಯಾವ ಅನುಮಾನ ಬಿದ್ದುಹೋಯಿತು. ಮೊದಲ ಕಾಲಂ ಪವರ್ ಕೊಡುವ ಮುಂಚೆ ತುಂಬಿರಬೇಕು. ಪೆನ್ನಿನಲ್ಲೇ ಬರೆಯಲಿ, ತಪ್ಪು ಊಹೆಗೆ ಅಂಕ ಕಡಿಯಬೇಡಿ. ಕಡಿದರೆ ಉತ್ತರ ಬಂದ ಮೇಲೆ ಊಹೆ ಬರೆಯುತ್ತಾರೆ, ಕಾಲಂ ಇದ್ದೂ ಇಲ್ಲದಂತಾಗುತ್ತದೆ.

ಪ್ರತಿ ಜೋಡಿಗೆ ಸಂಖ್ಯೆಗಳನ್ನು ಬದಲಿಸಿ. ಒಬ್ಬರಿಗೆ 12 ಮೆಗಾಹರ್ಟ್ಸ್, ಒಬ್ಬರಿಗೆ 8. ಒಬ್ಬರಿಗೆ 1 ಮಿಲಿಸೆಕೆಂಡ್ ಟಿಕ್ (ಟೈಮರಿನ ಒಂದು ಬಡಿತ), ಒಬ್ಬರಿಗೆ 0.4. 16 ಮೆಗಾಹರ್ಟ್ಸ್, ಪ್ರೀಸ್ಕೇಲರ್ 64, 1 ಮಿಲಿಸೆಕೆಂಡಿಗೆ ಕಂಪೇರ್ ರಿಜಿಸ್ಟರಿನಲ್ಲಿ 249. 250 ಬರೆದವರ ಗಡಿಯಾರ ಶೇ 0.4 ನಿಧಾನ ಓಡುತ್ತದೆ, ಗಂಟೆಗೆ ಸುಮಾರು 14 ಸೆಕೆಂಡ್. ಈ ಒಂದರ ವ್ಯತ್ಯಾಸ ಎಲ್ಲಿಂದ ಬಂತು ಅಂತ ಕೇಳಿದರೆ ಕೋಡ್ ಅರ್ಥವಾಗಿದೆಯೋ ನಕಲೋ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ. ಕೊನೆಯ 20 ನಿಮಿಷಕ್ಕೆ ಒಂದು ಹೊಸ ಬೇಡಿಕೆ ಕೊಡಿ: ಬಟನ್ 2 ಸೆಕೆಂಡ್ ಹಿಡಿದರೆ ಎಣಿಕೆ ಸೊನ್ನೆಯಾಗಬೇಕು, ಅಷ್ಟೇ ಸಾಕು. ಡಿಲೇ ಮೇಲೆ ಕಟ್ಟಿದ ಕೋಡ್ ಅಲ್ಲಿ ಕುಸಿಯುತ್ತದೆ, ಟಿಕ್ ಮೇಲೆ ಕಟ್ಟಿದ್ದಕ್ಕೆ ನಾಲ್ಕು ಸಾಲು ಸೇರಿಸಿದರೆ ಆಯಿತು.

ಪರೀಕ್ಷೆಗೆ ದೋಷವಿರುವ ಬೋರ್ಡ್ ಇಡಿ. ಕೋಡ್ ಸರಿಯಾದದ್ದೇ ಕೊಟ್ಟು, ಹಾರ್ಡ್‌ವೇರಿನಲ್ಲಿ ಒಂದೇ ದೋಷ, 25 ನಿಮಿಷ. ಚೆನ್ನಾಗಿ ಕೆಲಸ ಮಾಡುವ ದೋಷಗಳು:

ಹಲವು ಉದ್ದದ ಬ್ರೆಡ್‌ಬೋರ್ಡುಗಳಲ್ಲಿ ಪವರ್ ಸಾಲು ನಡುವೆ ತುಂಡಾಗಿರುತ್ತದೆ. ಅಲ್ಲಿನ ಜಂಪರ್ ತೆಗೆದುಬಿಡಿ, ಅರ್ಧ ಸರ್ಕ್ಯೂಟಿಗೆ ಸಪ್ಲೈ ಇಲ್ಲ. ಚಿಪ್ಪಿನ ಕಾಲಿನ ಮೇಲೇ ಪ್ರೋಬ್ ಇಡುವವರು 2 ನಿಮಿಷದಲ್ಲಿ ಹಿಡಿಯುತ್ತಾರೆ, ಸಾಲಿನ ತುದಿಯಲ್ಲಿ ಅಳೆದು 5 ಇದೆ ಅನ್ನುವವರು ಕೊನೆವರೆಗೂ ಹುಡುಕುತ್ತಾರೆ.

220 ಓಮ್ ಜಾಗದಲ್ಲಿ 220 ಕಿಲೋ ಓಮ್. ಕೆಂಪು ಕೆಂಪು ಕಂದು ಇರಬೇಕಾದಲ್ಲಿ ಕೆಂಪು ಕೆಂಪು ಹಳದಿ.

ಕಾರ್ಖಾನೆಯಿಂದ ಬಂದ ಹಾಗೇ ಇರುವ ಎಟಿಮೆಗಾ328ಪಿ (ಊನೋದಲ್ಲಿರುವ ಚಿಪ್). ಅದು ಒಳಗಿನ 8 ಮೆಗಾಹರ್ಟ್ಸನ್ನು 8ರಿಂದ ಭಾಗಿಸಿ 1 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ. 16 ಅಂದುಕೊಂಡ ಕೋಡಿನಲ್ಲಿ 1 ಸೆಕೆಂಡ್ 16 ಸೆಕೆಂಡ್ ಆಗುತ್ತದೆ. ಎಲ್‌ಇಡಿ ಹತ್ತಿಲ್ಲ ಅಂತ 5 ಸೆಕೆಂಡಿಗೇ ಕೈಬಿಡುವವರು ಇದನ್ನು ಕಾಣುವುದಿಲ್ಲ.

8051ರ ಇಎ ಪಿನ್ನನ್ನು ಗ್ರೌಂಡಿಗೆ ಕೊಡುವುದು. ಚಿಪ್ ಒಳಗಿನ ಪ್ರೋಗ್ರಾಂ ಬಿಟ್ಟು ಹೊರಗೆ ಹುಡುಕತೊಡಗುತ್ತದೆ. ಕ್ರಿಸ್ಟಲ್ ಓಡುತ್ತಿದೆ, ಎಎಲ್ಇ (ಅಡ್ರೆಸ್ ಲ್ಯಾಚ್ ಎನೇಬಲ್) ಪಿನ್ನಿನಲ್ಲಿ ಕ್ರಿಸ್ಟಲಿನ ಆರನೇ ಒಂದು ಭಾಗದ ಪಲ್ಸ್ ಬರುತ್ತಿದೆ, ಆದರೂ ಕೆಲಸವಿಲ್ಲ.

ಎರಡು ಬೋರ್ಡ್ ನಡುವೆ ಸೀರಿಯಲ್ ವೈರ್ ಹಾಕಿ ಗ್ರೌಂಡ್ ವೈರ್ ತೆಗೆಯುವುದು. ಎರಡೂ ಒಂದೇ ಪಿಸಿಯ ಯುಎಸ್‌ಬಿಗೆ ಚುಚ್ಚಿದ್ದರೆ ಗ್ರೌಂಡ್ ಅಲ್ಲೇ ಸೇರಿಬಿಡುತ್ತದೆ, ದೋಷ ಕಾಣುವುದಿಲ್ಲ. ಒಂದನ್ನು ಬ್ಯಾಟರಿಯಲ್ಲಿ ಓಡಿಸಿ.

ಸಾಮಾನು ಸುಡುವ ದೋಷ ಇಡಬೇಡಿ: ಸಪ್ಲೈ ತಿರುವುಮುರುವು, ಪಿನ್ನಿಂದ ಪಿನ್ನಿಗೆ ಶಾರ್ಟ್. ಬೆಂಚ್ ಸಪ್ಲೈಗೆ 300 ಮಿಲಿಆಂಪ್ ಕರೆಂಟ್ ಮಿತಿ ಹಾಕಿಡಿ.

50 ಅಂಕ ಇದ್ದರೆ: ಊಹೆ ಮತ್ತು ಲೆಕ್ಕ 10, ಅಳತೆಯ ದಾಖಲೆ 15, ಹೊಸ ಬೇಡಿಕೆ 10, ದೋಷ ಹುಡುಕುವುದು 15. ದೋಷಕ್ಕೆ ಅಂಕ ಕೊಡುವಾಗ ಅದು ಸಿಕ್ಕಿತೋ ಇಲ್ಲವೋ ಅನ್ನುವುದಕ್ಕಿಂತ ನಾಲ್ಕು ಕಾಲಂ ನೋಡಿ. ವೈರ್ ಅಲುಗಾಡಿಸುತ್ತಾ ಅದೃಷ್ಟಕ್ಕೆ ಸಿಕ್ಕಿದವರಿಗಿಂತ, ಐದು ಅಳತೆಯಲ್ಲಿ ಐದು ಅನುಮಾನ ಕಳೆದು ಸಮಯ ಸಾಲದೆ ನಿಂತವರು ಹೆಚ್ಚು ಕಲಿತಿದ್ದಾರೆ.


ಉತ್ತರ 5: ಫ್ಲೈಬ್ಯಾಕ್

ರಿಲೇ ವಿಷಯಕ್ಕೆ ಬರುತ್ತೇನೆ. ಅಕ್ಷರ ಕೆಡುವುದು, ರೀಸೆಟ್ ಆಗುವುದು ಎರಡೂ ಬೇರೆ ಬೇರೆ ತೊಂದರೆ, ಬೇರೆಯಾಗಿಯೇ ನೋಡಿ.

ಸಾಮಾನ್ಯ 5 ವೋಲ್ಟ್ ರಿಲೇ ಕಾಯಿಲ್ ಸುಮಾರು 70 ಓಮ್, ಎಳೆಯುವುದು ಸುಮಾರು 70 ಮಿಲಿಆಂಪ್. ಎಟಿಮೆಗಾ ಪಿನ್ನಿನ ಕಟ್ಟಕಡೆಯ ಮಿತಿಯೇ 40, ಹಾಗಾಗಿ ನೇರ ಹಾಕಿದ್ದರೆ ಮೊದಲು ಅದನ್ನು ತೆಗೆಯಿರಿ. ಬೇಸಿಗೆ 1 ಕಿಲೋ ಓಮ್ ಹಾಕಿದ 2ಎನ್2222 ಟ್ರಾನ್ಸಿಸ್ಟರ್ ಸಾಕು. ಬಿಸಿ547 ಕೂಡ ನಡೆಯುತ್ತದೆ, ಆದರೆ ಅದರ ಮಿತಿ 100 ಮಿಲಿಆಂಪ್, ಹತ್ತಿರವಾಯಿತು. ಕಾಯಿಲ್ ಆರಿದಾಗ ಚಿಮ್ಮುವ ವೋಲ್ಟೇಜನ್ನು ತಡೆಯಲು ಅದಕ್ಕೆ ಅಡ್ಡಲಾಗಿ 1ಎನ್4007 ಡಯೋಡ್, ಪಟ್ಟಿಯಿರುವ ತುದಿ 5 ವೋಲ್ಟಿನ ಕಡೆಗೆ. ತಿರುಗಿಸಿ ಹಾಕಿದರೆ ಟ್ರಾನ್ಸಿಸ್ಟರ್ ಆನ್ ಆದ ಕೂಡಲೇ ಸಪ್ಲೈ ಡಯೋಡ್ ಮೂಲಕ ಶಾರ್ಟ್ ಆಗುತ್ತದೆ. ಕಿಟ್ ಬೋರ್ಡುಗಳಲ್ಲಿ ಡಯೋಡ್ ಇದೆಯೋ, ಇದ್ದದ್ದು ಸುಟ್ಟಿದೆಯೋ ಅಂತ, ಡಯೋಡಿನ ಒಂದು ಕಾಲು ಬಿಡಿಸಿ, ಮಲ್ಟಿಮೀಟರಿನ ಡಯೋಡ್ ಸ್ಥಾನದಲ್ಲಿ ನೋಡಿ. ಆರಿಸಿದಾಗ ಮಾತ್ರ ತೊಂದರೆ ಅಂದರೆ ಮೊದಲ ಅನುಮಾನ ಅದರ ಮೇಲೇ.

ಡಯೋಡ್ ಸರಿಯಿದ್ದೂ ಕೆಡುತ್ತಿದ್ದರೆ ರಿಲೇ ಕಾಂಟ್ಯಾಕ್ಟಿನ ಲೋಡ್ ಬಿಚ್ಚಿ, ಬರೀ ಕಾಯಿಲನ್ನು 50 ಸಲ ಆನ್ ಆಫ್ ಮಾಡಿ. ತೊಂದರೆ ನಿಂತರೆ ಮೂಲ ಲೋಡಿನ ಕಡೆಯ ಕಿಡಿ. 12 ವೋಲ್ಟ್ ಡಿಸಿ ಮೋಟರಿಗೂ ಅದರದೇ ಡಯೋಡ್ ಹಾಕಿ, ಅದರ ವೈರನ್ನು ಎಲ್‌ಸಿಡಿ ವೈರಿನಿಂದ ದೂರ ಒಯ್ಯಿರಿ. ಮನೆ ವಿದ್ಯುತ್ತಿನ ಲೋಡನ್ನು ಎರಡನೇ ವರ್ಷದ ಲ್ಯಾಬಿಗೆ ತರಲೇಬೇಡಿ. ತೊಂದರೆ ನಿಲ್ಲದಿದ್ದರೆ ಗ್ರೌಂಡ್ ನೋಡಿ: ಟ್ರಾನ್ಸಿಸ್ಟರಿನ ಎಮಿಟರ್ ಗ್ರೌಂಡೂ ಚಿಪ್ಪಿನ ಗ್ರೌಂಡೂ ಒಂದೇ ತೆಳು ಜಂಪರಿನಲ್ಲಿ ಹೋಗುತ್ತಿದ್ದರೆ ಬೇರೆ ಮಾಡಿ, ಎರಡೂ ಸಪ್ಲೈ ಹತ್ತಿರ ಸೇರಲಿ. ಚಿಪ್ಪಿನ ಸಪ್ಲೈ ಕಾಲುಗಳ ಪಕ್ಕದಲ್ಲೇ 100 ನ್ಯಾನೋಫ್ಯಾರಡ್, ರಿಲೇ ಹತ್ತಿರ 100 ಮೈಕ್ರೋಫ್ಯಾರಡ್.

ರೀಸೆಟ್ ಯಾಕಾಯಿತು ಅಂತ ಚಿಪ್ಪನ್ನೇ ಕೇಳಬಹುದು. ಎಂಸಿಯುಎಸ್ಆರ್ ರಿಜಿಸ್ಟರಿನಲ್ಲಿ ಪವರ್ ಆನ್, ರೀಸೆಟ್ ಪಿನ್, ಬ್ರೌನ್‌ಔಟ್ (ಸಪ್ಲೈ ಕುಸಿತ), ವಾಚ್‌ಡಾಗ್ (ಪ್ರೋಗ್ರಾಂ ಸಿಕ್ಕಿಕೊಂಡರೆ ರೀಸೆಟ್ ಮಾಡುವ ಟೈಮರ್) ಇವಕ್ಕೆ ಒಂದೊಂದು ಬಿಟ್ ಇದೆ. ಪ್ರೋಗ್ರಾಂ ಶುರುವಾದ ಕೂಡಲೇ ಓದಿ, ಸೀರಿಯಲ್‌ಗೆ ಕಳಿಸಿ, ಸೊನ್ನೆ ಮಾಡಿ. ಊನೋದ ಬೂಟ್‌ಲೋಡರ್ (ಯುಎಸ್‌ಬಿಯಿಂದ ಕೋಡ್ ತುಂಬಿಸುವ ಪುಟ್ಟ ಪ್ರೋಗ್ರಾಂ) ಅದನ್ನು ಮೊದಲೇ ಅಳಿಸಿರಬಹುದು, ಹಾಗಾಗಿ ಈ ಪರೀಕ್ಷೆಗೆ ಬೂಟ್‌ಲೋಡರ್ ಬಿಟ್ಟು ಪ್ರೋಗ್ರಾಮರಿನಿಂದ ನೇರ ಬರೆಯಿರಿ. ಬ್ರೌನ್‌ಔಟ್ ಬಿಟ್ ಬಂದರೆ ಸಪ್ಲೈ ಕುಸಿಯುತ್ತಿದೆ. ರೀಸೆಟ್ ಪಿನ್ನಿನ ಬಿಟ್ ಬಂದರೆ ಆ ಪಿನ್ನಿಗೆ ನಾಯ್ಸ್ ಹೊಕ್ಕುತ್ತಿದೆ, ಹೊರಗೆ 10 ಕಿಲೋ ಓಮ್ ಪುಲ್‌ಅಪ್ ಇದೆಯೇ ನೋಡಿ.

ರೀಸೆಟ್ ಆಗದೆ ಅಕ್ಷರ ಮಾತ್ರ ಕೆಟ್ಟರೆ ಕಾರಣ ಎಲ್‌ಸಿಡಿಯ 4 ಬಿಟ್ ಮೋಡ್. ಒಂದು ಅಕ್ಷರ ಎರಡು ಅರ್ಧವಾಗಿ ಹೋಗುತ್ತದೆ. ಎಲ್‌ಸಿಡಿಯ ಇ (ಎನೇಬಲ್) ಪಿನ್ನಿಗೆ ಒಂದು ಸುಳ್ಳು ಪಲ್ಸ್ ಬಂದರೆ ಒಂದರ ಎರಡನೇ ಅರ್ಧವೂ ಮುಂದಿನದರ ಮೊದಲ ಅರ್ಧವೂ ಜೋಡಿಯಾಗಿ, ಅಲ್ಲಿಂದ ಮುಂದೆ ಬರುವುದೆಲ್ಲ ತಪ್ಪು. ಎಲ್‌ಸಿಡಿಯನ್ನು ಮತ್ತೆ ಇನಿಶಿಯಲೈಸ್ ಮಾಡುವವರೆಗೂ ತಾನಾಗಿ ಸರಿಹೋಗುವುದಿಲ್ಲ. ಇ ಪಿನ್ನಿನ ವೈರ್ ಚಿಕ್ಕದು ಮಾಡಿ, ಜೊತೆಗೆ ಒಂದು ಗ್ರೌಂಡ್ ವೈರ್ ಓಡಿಸಿ.

ಕಿಟ್‌ಗಳನ್ನು ರಿಪೇರಿ ಮಾಡುವ ಮುಂಚೆ ಕೆಟ್ಟ ಎರಡನ್ನು ಹಾಗೇ ಎತ್ತಿಡಿ. ಬೆಸುಗೆಕಡ್ಡಿ ಅವರು ಹೇಳಿದ 25 ನಿಮಿಷದ ಪರೀಕ್ಷೆಗೆ ಸಿದ್ಧ ಬೋರ್ಡ್ ಆದವು.


ಲ್ಯಾಬ್‌ಬೆಂಚ್

ಎರಡು ಕಿಟ್ ನೋಡಿದೆ. ಒಂದರಲ್ಲಿ ಡಯೋಡ್ ಎರಡೂ ದಿಕ್ಕಿಗೆ ಓಪನ್ ತೋರಿಸುತ್ತಿದೆ. ಇನ್ನೊಂದರಲ್ಲಿ ಡಯೋಡ್ ಸರಿಯಿದೆ, ಆದರೆ ರಿಲೇಗೂ ಎಲ್‌ಸಿಡಿಗೂ ಒಂದೇ ಗ್ರೌಂಡ್ ಜಂಪರ್. ಎರಡಕ್ಕೂ ಚೀಟಿ ಅಂಟಿಸಿ ಬೀರುವಿನಲ್ಲಿಟ್ಟಿದ್ದೇನೆ.